ರಾಗಿ ಹೊಲಕ್ಕೆ ಆನೆ ಏಕೆ ಬಂತು?

ರಾಗಿ ತೆನೆ ಕಟ್ಟುವ ಹೊತ್ತಿಗೆ ಆನೆ ಹೊಲಕ್ಕಿಳಿಯುತ್ತದೆ. ಚಾಮರಾಜನಗರ ಸೀಮೆಯ ರೈತರಿಗೆ ಇದು ತಲೆಮಾರುಗಳ ಅನುಭವ. ಆದರೆ ಬರುವುದು ಯಾವ ಆನೆ, ಏಕೆ?

1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ರಾಮನ್ ಸುಕುಮಾರ್ ಪಿಎಚ್‌.ಡಿ.ಗಾಗಿ ಬೆನ್ನು ಹತ್ತಿದ ಪ್ರಶ್ನೆಗಳಲ್ಲಿ ಇದೂ ಒಂದು. ಕಾಡಂಚಿನಲ್ಲಿ ಅಲೆದು, ಆನೆಗಳನ್ನು ಒಂದೊಂದಾಗಿ ಗುರುತು ಹಿಡಿದು, ಅವು ತಿನ್ನುವ ಮೇವನ್ನು ಪರೀಕ್ಷಿಸಿದರು. ಹೆಣ್ಣಾನೆಗಳ ಹಿಂಡಿಗಿಂತ ಗಂಡಾನೆಗಳೇ ಹಲವು ಪಟ್ಟು ಹೆಚ್ಚು ಸಲ ಹೊಲಕ್ಕೆ ನುಗ್ಗುತ್ತವೆ, ಕಾಡಿನ ಹುಲ್ಲಿಗಿಂತ ಬೆಳೆಯಲ್ಲಿ ಪ್ರೋಟೀನ್, ಸೋಡಿಯಂ ಹೆಚ್ಚಿರುತ್ತದೆ ಎಂಬುದು ತಿಳಿಯಿತು. ರೈತನ ಸಂಕಟವೇ ವಿಜ್ಞಾನದ ಪ್ರಶ್ನೆಯಾದದ್ದು ಹೀಗೆ.

ಇಂದು ಕಾಡಿನಷ್ಟೇ ಪ್ರಯೋಗಾಲಯವೂ ಮುಖ್ಯ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಉಮಾ ರಾಮಕೃಷ್ಣನ್ ಅವರ ತಂಡ ಹುಲಿಯನ್ನು ಮುಟ್ಟದೆಯೇ, ದಾರಿಯಲ್ಲಿ ಸಿಕ್ಕ ಮಲದಿಂದಲೂ ಅದರ ಡಿಎನ್‌ಎ ಓದುತ್ತದೆ. ಒಡಿಶಾದ ಸಿಮಿಲಿಪಾಲದಲ್ಲಿ ಕೆಲವು ಹುಲಿಗಳ ಪಟ್ಟೆಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಂಡು ಮೈ ಕಪ್ಪಾಗಿ ಕಾಣುತ್ತದೆ. ಒಂದೇ ಜೀನಿನ ಒಂದೇ ಅಕ್ಷರ ಬದಲಾದದ್ದು ಇದಕ್ಕೆ ಕಾರಣವೆಂದು 2021ರಲ್ಲಿ ಈ ತಂಡ ಪ್ರಕಟಿಸಿತು. ಬೇರೆ ಕಾಡುಗಳ ಹುಲಿಗಳೊಡನೆ ಒಡನಾಟವಿಲ್ಲದ ಪುಟ್ಟ ಗುಂಪಿನಲ್ಲಿ ಇಂಥ ಅಪರೂಪದ ಗುಣ ಬೇಗ ಹರಡಬಹುದು. ಕಾಡುಗಳ ನಡುವಿನ ದಾರಿ ಕಡಿದರೆ ಏನಾಗುತ್ತದೆ ಎಂಬುದಕ್ಕೆ ಆ ಕಪ್ಪು ಪಟ್ಟೆಗಳೇ ಸಾಕ್ಷಿ.

ವನ್ಯಜೀವಿ ಸಂಶೋಧನೆಯ ಹಾದಿಗೆ ಬರುವವರು ಒಂದನ್ನು ತಿಳಿದಿರಬೇಕು. ಹುಲಿ ಕಾಣುವ ದಿನಗಳು ಕಡಿಮೆ, ದತ್ತಾಂಶದ ಮುಂದೆ ಕೂರುವ ದಿನಗಳು ಹೆಚ್ಚು. ಅರಣ್ಯ ಇಲಾಖೆಯ ಅನುಮತಿಗೆ ಕಾಯಬೇಕು, ಸಂಖ್ಯಾಶಾಸ್ತ್ರ ಕಲಿಯಬೇಕು, ಮಳೆಗೆ ಕೆಟ್ಟ ಮಾದರಿಯನ್ನು ಮತ್ತೆ ಹುಡುಕಬೇಕು. ಹೆಜ್ಜೆ ಗುರುತು ಓದಬಲ್ಲ ಸೋಲಿಗರು, ಜೇನುಕುರುಬರು ಜೊತೆಗಿದ್ದರೆ ಕಲಿಕೆ ದೊಡ್ಡದು. ಅವರ ಹೆಸರು ಪ್ರಬಂಧದಲ್ಲಿ ಗೌರವದಿಂದ ಬರಬೇಕು.

ಅವಕಾಶಗಳು ದೂರವಿಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ನಿರ್ವಹಣೆಯ ಸ್ನಾತಕೋತ್ತರ ವಿಭಾಗವಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ವನ್ಯಜೀವಿ ವಿಜ್ಞಾನದ ಎಂ.ಎಸ್ಸಿ. 2004ರಲ್ಲಿ ಶುರುವಾಯಿತು.

ಮಲೆನಾಡಿನ, ಕಾಡಂಚಿನ ಊರುಗಳ ಮಕ್ಕಳೇ, ರೈತರೊಡನೆ, ಕಾವಲುಗಾರರೊಡನೆ ಅವರದೇ ಮಾತಿನಲ್ಲಿ ಮಾತಾಡಬಲ್ಲವರು ನೀವು. ನಿಮ್ಮೂರಿನ ಹೊಲ, ಕೆರೆ, ಕಾಡಿನಿಂದಲೇ ಒಂದು ಪ್ರಶ್ನೆ ಆಯ್ದುಕೊಂಡು ಇಂದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಂಶೋಧನೆ ಶುರುವಾಗುವುದು ಅಲ್ಲಿಂದಲೇ.