ಅಂಗಡಿ ತಪಾಸಣೆ ಮತ್ತು 1961ರ ಕಾನೂನು

ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವು 1961ರಲ್ಲಿ, ರಾಜ್ಯಕ್ಕಿನ್ನೂ ಮೈಸೂರು ಎಂಬ ಹೆಸರಿದ್ದ ಕಾಲದಲ್ಲಿ, ರೂಪುಗೊಂಡಿತು. ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ನಿಂತೇ ದುಡಿಯುತ್ತಿದ್ದ ನೌಕರನಿಗೆ ಕೆಲಸದ ಮಿತಿ, ವಿಶ್ರಾಂತಿ ಮತ್ತು ರಜೆ ದೊರಕಿಸುವುದು ಅದರ ಉದ್ದೇಶ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, 5 ಗಂಟೆ ದುಡಿದ ಮೇಲೆ 1 ಗಂಟೆ ಬಿಡುವು, ವಾರಕ್ಕೊಂದು ರಜೆ: ಈ ಅಂಶಗಳ ಬಗ್ಗೆ ಯಾವ ವರ್ತಕನೂ ತಕರಾರು ಎತ್ತಲಾರ, ಎತ್ತಲೂಬಾರದು.

ತೊಡಕು ಇರುವುದು ಬೇರೆಡೆ. ಅಂಗಡಿ ತೆರೆಯುವ ಮತ್ತು ಮುಚ್ಚುವ ವೇಳೆಯನ್ನೂ ಇದೇ ಕಾನೂನು ನಿಯಂತ್ರಿಸುತ್ತದೆ. 2021ರ ಜನವರಿಯಲ್ಲಿ ರಾಜ್ಯ ಸರ್ಕಾರವು ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ದಿನದ 24 ಗಂಟೆಯೂ ತೆರೆದಿರಲು ಷರತ್ತುಬದ್ಧ ಅನುಮತಿ ನೀಡಿತು. ಮೂರು ವರ್ಷಗಳ ಆ ಅನುಮತಿಯನ್ನು 2024ರಲ್ಲಿ ಮುಂದುವರಿಸಲಾಯಿತು. ದೊಡ್ಡ ಮಳಿಗೆಗೆ ದೊರೆತ ಈ ಸಡಿಲಿಕೆ ಇಬ್ಬರು ಹುಡುಗರನ್ನಿಟ್ಟುಕೊಂಡ ಕಿರಾಣಿ ಅಂಗಡಿಗೆ ದೊರೆಯಲಿಲ್ಲ. ಲೆಕ್ಕಪತ್ರಕ್ಕೆ ಪ್ರತ್ಯೇಕ ಸಿಬ್ಬಂದಿ ಇರುವವರಿಗೆ ವಿನಾಯಿತಿ, ಗಲ್ಲಾಪೆಟ್ಟಿಗೆಯನ್ನೂ ಹಾಜರಿ ಪುಸ್ತಕವನ್ನೂ ತಾನೇ ನೋಡಿಕೊಳ್ಳುವವನಿಗೆ ಹಳೆಯ ಕಟ್ಟುಪಾಡು ಎಂಬ ವಿಚಿತ್ರ ಸ್ಥಿತಿ ಇದರಿಂದ ಉಂಟಾಗಿದೆ.

ನೆರೆಯ ಮಹಾರಾಷ್ಟ್ರವು ಈ ಗಂಟನ್ನು ಬೇರೆ ರೀತಿಯಲ್ಲಿ ಬಿಡಿಸಿತು. ಕೇಂದ್ರ ಸರ್ಕಾರ 2016ರಲ್ಲಿ ರೂಪಿಸಿದ ಮಾದರಿ ಮಸೂದೆಯನ್ನು ಅನುಸರಿಸಿ, 1948ರ ತನ್ನ ಹಳೆಯ ಕಾನೂನಿನ ಬದಲು 2017ರಲ್ಲಿ ಹೊಸದನ್ನು ತಂದಿತು. ಹತ್ತಕ್ಕಿಂತ ಕಡಿಮೆ ನೌಕರರಿರುವ ಅಂಗಡಿಯು ಅಲ್ಲಿ ನೋಂದಣಿ ಪಡೆಯಬೇಕಿಲ್ಲ; ವ್ಯಾಪಾರ ಆರಂಭಿಸಿದ 60 ದಿನಗಳೊಳಗೆ ಮಾಹಿತಿ ಸಲ್ಲಿಸಿದರೆ ಸಾಕು. ಕರ್ನಾಟಕದಲ್ಲಿ ಕೆಲವು ತಿದ್ದುಪಡಿಗಳಾಗಿದ್ದರೂ 1961ರ ಚೌಕಟ್ಟೇ ಉಳಿದಿದೆ.

ತಪಾಸಣೆಗೆ ಬರುವವರು ಕಾರ್ಮಿಕ ನಿರೀಕ್ಷಕರೊಬ್ಬರೇ ಅಲ್ಲ. ತಕ್ಕಡಿ ಮತ್ತು ಪೊಟ್ಟಣಗಳ ಮೇಲಿನ ಮುದ್ರಣವನ್ನು ಕಾನೂನು ಮಾಪನ ಶಾಸ್ತ್ರ ಇಲಾಖೆಯವರು 2009ರ ಅಧಿನಿಯಮದಡಿ, ಆಹಾರ ಪದಾರ್ಥವನ್ನು ಆಹಾರ ಸುರಕ್ಷತಾ ಅಧಿಕಾರಿಗಳು 2006ರ ಅಧಿನಿಯಮದಡಿ, ವ್ಯಾಪಾರ ಪರವಾನಗಿಯನ್ನು ಸ್ಥಳೀಯ ಸಂಸ್ಥೆಯವರು ಪರಿಶೀಲಿಸುತ್ತಾರೆ. ಒಂದು ಇಲಾಖೆಯ ಪ್ರಮಾಣಪತ್ರ ಇನ್ನೊಂದಕ್ಕೆ ಒದಗುವುದಿಲ್ಲ. ಪರವಾನಗಿ ಇದೆಯೆಂಬ ಧೈರ್ಯದಲ್ಲಿ ಕಾರ್ಮಿಕ ಇಲಾಖೆಯ ನೋಂದಣಿಯನ್ನೇ ಮರೆಯುವವರು ಅನೇಕರು.

ಕಾನೂನು ಬದಲಾಗುವವರೆಗೆ ಅಂಗಡಿಯ ಕಡತವೇ ವರ್ತಕನಿಗೆ ಆಸರೆ. ನೋಂದಣಿ ಪ್ರಮಾಣಪತ್ರದ ಅವಧಿ 5 ವರ್ಷ. ಅದನ್ನು ಎದ್ದು ಕಾಣುವಂತೆ ತೂಗುಹಾಕಬೇಕು. ನೌಕರನಿಗೆ ನೇಮಕಾತಿ ಆದೇಶ ಕೊಡಬೇಕು. ಬಾಯಿಮಾತಿನ ನೇಮಕವೇ ಹೆಚ್ಚಿನ ವ್ಯಾಜ್ಯಗಳ ಮೂಲ. ಹಾಜರಿ, ವೇತನ ಮತ್ತು ರಜೆಯ ವಹಿಗಳನ್ನು ತಿಂಗಳ ಕೊನೆಯಲ್ಲಿ ಒಟ್ಟಿಗೆ ಬರೆಯುವ ಅಭ್ಯಾಸ ಕೂಡದು: ಒಂದೇ ಶಾಯಿಯಲ್ಲಿ ಒಂದೇ ಬೈಠಕ್ಕಿನಲ್ಲಿ ತುಂಬಿದ ಪುಟವನ್ನು ಗುರುತಿಸಲು ನಿರೀಕ್ಷಕರಿಗೆ ಹೆಚ್ಚು ಹೊತ್ತು ಬೇಕಾಗದು. ನಿರೀಕ್ಷಕರು ಬರೆದ ಷರಾವನ್ನು ಓದದೆ ಸಹಿ ಹಾಕುವುದೂ ತರವಲ್ಲ. ನ್ಯೂನತೆ ಸರಿಪಡಿಸಿದ ಬಳಿಕ ಲಿಖಿತ ಉತ್ತರ ಸಲ್ಲಿಸಿ, ಸ್ವೀಕೃತಿಯ ಮುದ್ರೆಯುಳ್ಳ ಪ್ರತಿಯನ್ನು ಅದೇ ಕಡತದಲ್ಲಿ ಇಡಬೇಕು.