ಅಂಡಾಶಯದ ಕಣಜವನ್ನು ಅಳೆಯುವ ರಕ್ತಪರೀಕ್ಷೆ

ಗಂಡಸಿನ ದೇಹದಲ್ಲಿ ವೀರ್ಯಾಣುಗಳು ಪ್ರಾಯ ಬಂದಂದಿನಿಂದ ಮುಪ್ಪಿನವರೆಗೂ ದಿನದಿನವೂ ಹೊಸದಾಗಿ ಹುಟ್ಟುತ್ತಿರುವುವು. ಹೆಣ್ಣಿನ ವಿಷಯದಲ್ಲಿ ಪ್ರಕೃತಿಯ ಏರ್ಪಾಡೇ ಬೇರೆ. ಅವಳ ಬಾಳಿಗೆ ಬೇಕಾದ ಅಂಡಾಣುಗಳೆಲ್ಲವೂ ಅವಳು ತಾಯಿಯ ಗರ್ಭದಲ್ಲಿರುವಾಗಲೇ ಸಿದ್ಧವಾಗಿಬಿಡುವುವು. ಐದನೆಯ ತಿಂಗಳಿನ ಹೆಣ್ಣು ಭ್ರೂಣದಲ್ಲಿ ಅವುಗಳ ಸಂಖ್ಯೆ 60ರಿಂದ 70 ಲಕ್ಷ. ಹುಟ್ಟುವ ವೇಳೆಗೆ ಅದು 10ರಿಂದ 20 ಲಕ್ಷಕ್ಕೆ ಇಳಿಯುವುದು. ಮೈನೆರೆಯುವ ಕಾಲಕ್ಕೆ ಉಳಿಯುವುವು ಮೂರು ನಾಲ್ಕು ಲಕ್ಷ ಮಾತ್ರ. ಇವುಗಳಲ್ಲಿಯೂ ಪಕ್ವವಾಗಿ ಹೊರಬರುವುವು 400ರಿಂದ 500. ಮಿಕ್ಕವು ಅಂಡಾಶಯದಲ್ಲಿಯೇ ಕರಗಿಹೋಗುವುವು. ತುಂಬಿದ ಕಣಜವೊಂದು ಮೆಲ್ಲಮೆಲ್ಲನೆ ಬರಿದಾಗುವಂತೆ ಈ ಸಂಗ್ರಹ ತೀರುತ್ತ ಬರುವುದು.

ಈ ಕಣಜವನ್ನು ತೆರೆದು ಎಣಿಸುವಂತಿಲ್ಲ. ಆದರೆ ತೋಳಿನಿಂದ ತೆಗೆದ ಸ್ವಲ್ಪ ರಕ್ತದ ನೆರವಿನಿಂದ ಅದರ ಪ್ರಮಾಣವನ್ನು ಊಹಿಸಬಹುದು. ಅದು ಹೇಗೆಂಬುದನ್ನು ನೋಡೋಣ.

ಪ್ರತಿಯೊಂದು ಅಂಡಾಣುವೂ ಕೋಶಕವೆಂಬ ಪುಟ್ಟ ಚೀಲದೊಳಗೆ ಬೆಳೆಯುವುದು. ಈ ಬೆಳವಣಿಗೆಗೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎಫ್.ಎಸ್.ಎಚ್. ಎಂಬ ಹಾರ್ಮೋನನ್ನು ಕಳುಹಿಸಿ ಪ್ರಚೋದನೆ ನೀಡುವುದು. ಬೆಳೆಯುವ ಕೋಶಕಗಳು ತಮ್ಮ ಹಾರ್ಮೋನುಗಳ ಮೂಲಕ ‘ಇನ್ನು ಸಾಕು’ ಎಂದು ಅದಕ್ಕೆ ಉತ್ತರವೀಯುವುವು. ಕೋಶಕಗಳು ಕಡಮೆಯಾದಾಗ ಈ ಉತ್ತರ ಕ್ಷೀಣಿಸುವುದು. ಎತ್ತು ನಿಧಾನಿಸಿದಷ್ಟೂ ಗಾಡಿಯವನ ಕೂಗು ಜೋರಾಗುವಂತೆ, ಆಗ ಪಿಟ್ಯುಟರಿಯು ಎಫ್.ಎಸ್.ಎಚ್. ಅನ್ನು ಹೆಚ್ಚಿಸುವುದು. ಆದಕಾರಣ ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನ ಈ ಹಾರ್ಮೋನು ರಕ್ತದಲ್ಲಿ ಅಧಿಕವಾಗಿದ್ದರೆ ಕಣಜ ಇಳಿದಿದೆಯೆಂದು ವೈದ್ಯರು ತಿಳಿಯುವರು. ಆದರೆ ಈ ಅಳತೆ ತಿಂಗಳಿಂದ ತಿಂಗಳಿಗೆ ಏರಿಳಿಯುವುದುಂಟು.

ಎರಡನೆಯದು ಎ.ಎಂ.ಎಚ್. ಪರೀಕ್ಷೆ. ಇದರ ಚರಿತ್ರೆ ಸ್ವಾರಸ್ಯವಾದುದು. ಎಳೆಯ ಭ್ರೂಣದಲ್ಲಿ, ಗಂಡಾಗಲಿ ಹೆಣ್ಣಾಗಲಿ, ಮ್ಯುಲ್ಲರ್ ನಾಳಗಳಿರುತ್ತವೆ. ಹೆಣ್ಣಿನಲ್ಲಿ ಇವು ಗರ್ಭಕೋಶವಾಗಿ ಬೆಳೆಯುವುವು, ಗಂಡಿನಲ್ಲಿ ಅಳಿದುಹೋಗುವುವು. ಹಾಗೆ ಅಳಿಸುವ ವಸ್ತುವೊಂದು ವೃಷಣದಿಂದ ಒಸರುವುದೆಂದು ಫ್ರಾನ್ಸಿನ ಆಲ್‌ಫ್ರೆಡ್ ಜೋಸ್ಟ್ 1947ರಲ್ಲಿ ಮೊಲದ ಭ್ರೂಣಗಳ ಮೇಲಿನ ಪ್ರಯೋಗಗಳಿಂದ ತೋರಿಸಿದನು. ಗಂಡಿನದೆಂದು ಭಾವಿಸಿದ್ದ ಈ ಹಾರ್ಮೋನು ಹೆಣ್ಣಿನ ಅಂಡಾಶಯದಲ್ಲಿಯೂ, ಬೆಳೆಯತೊಡಗಿದ ಸಣ್ಣ ಕೋಶಕಗಳಿಂದ ಉತ್ಪತ್ತಿಯಾಗುವುದೆಂದು ಮುಂದೆ ತಿಳಿದುಬಂದಿತು. ಕೋಶಕಗಳು ಹೆಚ್ಚಿದ್ದರೆ ಹಾರ್ಮೋನೂ ಹೆಚ್ಚು. ತಿಂಗಳೊಳಗೆ ಇದರ ಏರಿಳಿತ ಅಲ್ಪವಾದುದರಿಂದ ಯಾವ ದಿನವಾದರೂ ಪರೀಕ್ಷಿಸಬಹುದು.

ಹಾಗಾದರೆ ಈ ಅಂಕಿ ಕಡಮೆಯಿರುವವಳಿಗೆ ಮಕ್ಕಳಾಗುವುದಿಲ್ಲವೆ? ಇಲ್ಲಿಯೇ ಅನೇಕರು ಎಡವುವರು. ಕಣಜದಲ್ಲಿ ಎಷ್ಟು ಕಾಳಿದೆಯೆಂದು ತಿಳಿದ ಮಾತ್ರಕ್ಕೆ, ಈ ವರ್ಷ ಬಿತ್ತಿದ ಕಾಳು ಮೊಳೆಯುವುದೇ ಎಂದು ಹೇಳಲಾದೀತೆ? ಗರ್ಭ ನಿಲ್ಲಲು ತಿಂಗಳಿಗೆ ಒಂದು ಒಳ್ಳೆಯ ಅಂಡಾಣು ಸಾಕು. ಅದರ ಗುಣ ಬಹುಮಟ್ಟಿಗೆ ವಯಸ್ಸನ್ನು ಅವಲಂಬಿಸಿದೆ. ಅಮೆರಿಕದಲ್ಲಿ 30ರಿಂದ 44 ವಯಸ್ಸಿನ, ಬಂಜೆತನದ ಪೂರ್ವಚರಿತ್ರೆಯಿಲ್ಲದ 750 ಸ್ತ್ರೀಯರ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಆರು ಋತುಚಕ್ರಗಳಲ್ಲಿ ಗರ್ಭಧರಿಸುವ ಸಂಭವ ಎ.ಎಂ.ಎಚ್. ಕಡಮೆಯಿದ್ದವರಲ್ಲಿ ನೂರಕ್ಕೆ 65, ಸಹಜವಾಗಿದ್ದವರಲ್ಲಿ 62. ವ್ಯತ್ಯಾಸ ಗಣನೀಯವಲ್ಲ. ಬಂಜೆತನದ ಸಂದೇಹವಿಲ್ಲದವರಿಗೆ ಭವಿಷ್ಯ ನುಡಿಯಲು ಈ ಪರೀಕ್ಷೆಯನ್ನು ಬಳಸಕೂಡದೆಂದು ಅಮೆರಿಕದ ಪ್ರಸೂತಿತಜ್ಞರ ಸಂಘವು 2019ರಲ್ಲಿ ಸಲಹೆಯಿತ್ತಿತು.

ಹಾಗೆಂದು ಪರೀಕ್ಷೆ ನಿರರ್ಥಕವೆಂದು ತಿಳಿಯಬಾರದು. ಪ್ರನಾಳ ಶಿಶುವಿನ ಚಿಕಿತ್ಸೆಯಲ್ಲಿ ಎಷ್ಟು ಅಂಡಾಣುಗಳು ದೊರೆತಾವು, ಔಷಧಿಯ ಪ್ರಮಾಣವೆಷ್ಟಿರಬೇಕು ಎಂಬುದನ್ನು ನಿರ್ಧರಿಸಲು ಇದು ಬಹಳ ನೆರವಾಗುವುದು. ಅಪಾಯವಿರುವುದು ಅಂಕಿಯನ್ನು ತಪ್ಪಾಗಿ ಓದುವುದರಲ್ಲಿ. ಇಪ್ಪತ್ತೈದರ ಯುವತಿ ಅಂಕಿ ಕಡಮೆಯೆಂದು ಧೃತಿಗೆಡಬಹುದು; ನಲವತ್ತರ ಸ್ತ್ರೀ ಅಂಕಿ ಹೆಚ್ಚೆಂದು ನಿಶ್ಚಿಂತಳಾಗಿ ಕಾಲ ಕಳೆಯಬಹುದು. ಎರಡೂ ತಪ್ಪೇ. ಸಂತಾನವಿಲ್ಲದಾಗ ಹೆಂಡತಿಯ ರಕ್ತವನ್ನಷ್ಟೇ ಪರೀಕ್ಷಿಸಿ, ಗಂಡನನ್ನು ಪರೀಕ್ಷೆಗೆ ಒಳಪಡಿಸದಿರುವುದೂ ತಪ್ಪು. ಏಕೆಂದರೆ ಅನೇಕ ದಂಪತಿಗಳಲ್ಲಿ ಕಾರಣ ವೀರ್ಯಾಣುಗಳಲ್ಲಿರುವುದು. ರಕ್ತಪರೀಕ್ಷೆ ಸಂಗ್ರಹದ ಲೆಕ್ಕವನ್ನು ಕೊಡುವುದು. ತಾಯ್ತನದ ತೀರ್ಪನ್ನು ಕೊಡಲಾರದು.