ನೋವು ನಿಂತ ಹಲ್ಲಿನ ಬುಡದಲ್ಲಿ

ಮೂರು ರಾತ್ರಿ ನಿದ್ದೆಗೆಡಿಸಿದ ಹಲ್ಲುನೋವು ನಾಲ್ಕನೆಯ ದಿನ ತಾನಾಗಿ ನಿಂತುಬಿಡುತ್ತದೆ. ಲವಂಗದ ಎಣ್ಣೆಯ ಗುಣವೆಂದು ಮನೆಯವರು, ಮಾತ್ರೆಯ ಗುಣವೆಂದು ಔಷಧಿ ಅಂಗಡಿಯವರು. ದಂತವೈದ್ಯರ ಕುರ್ಚಿ ತಪ್ಪಿತಲ್ಲ ಎಂದು ನಿಮಗೂ ಸಮಾಧಾನ. ಆದರೆ ಎಷ್ಟೋ ಸಲ ನಡೆದದ್ದೇ ಬೇರೆ. ಹಲ್ಲಿನೊಳಗಿನ ತಿರುಳು ಸತ್ತಿರುತ್ತದೆ. ನರವೇ ಸತ್ತ ಮೇಲೆ ನೋಯುವುದು ಯಾವುದು?

ಕೈಗೆ ಮುಳ್ಳು ಚುಚ್ಚಿದರೆ ಸುತ್ತಲಿನ ಮಾಂಸ ಊದಿಕೊಳ್ಳಲು ಜಾಗವಿದೆ. ಹಲ್ಲಿನ ತಿರುಳಿಗೆ ಸುತ್ತಲೂ ಗಟ್ಟಿ ಗೋಡೆ. ಹುಳುಕಿನ ಮೂಲಕ ಬ್ಯಾಕ್ಟೀರಿಯಾ ಒಳಹೊಕ್ಕು ಉರಿಯೂತ ಎದ್ದಾಗ ಒತ್ತಡ ಹೆಚ್ಚಿ, ರಕ್ತ ಸಂಚಾರ ನಿಂತು ತಿರುಳು ಕೊಳೆಯುತ್ತದೆ. ಚಿಕ್ಕಂದಿನಲ್ಲಿ ಬಿದ್ದು ಮುಂದಿನ ಹಲ್ಲಿಗೆ ಪೆಟ್ಟಾದರೂ ಇದೇ ಗತಿಯಾಗಬಹುದು; ವರ್ಷಗಳ ಮೇಲೆ ಹಲ್ಲು ಕಪ್ಪಗಾದಾಗಲೇ ಎಷ್ಟೋ ಮಂದಿಗೆ ತಿಳಿಯುವುದು.

ಇದೆಲ್ಲದರ ಮೂಲ ಬ್ಯಾಕ್ಟೀರಿಯಾಗಳೇ ಎಂಬುದನ್ನು 1965ರಲ್ಲಿ ಅಮೆರಿಕದ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳಲ್ಲಿ ತೋರಿಸಿದರು. ಹಲ್ಲು ಕೊರೆದು ತಿರುಳನ್ನು ಹಾಗೆಯೇ ತೆರೆದಿಟ್ಟರು. ಮಾಮೂಲಿ ಇಲಿಗಳಲ್ಲಿ ಅದು ಕೊಳೆತು ಕೀವಾಯಿತು. ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ, ತೂತಿನೊಳಗೆ ಆಹಾರ ತುಂಬಿಕೊಂಡರೂ, ತಿರುಳು ಬದುಕಿ ಮೇಲೆ ಹೊಸ ಮುಚ್ಚಳ ಕಟ್ಟಿಕೊಂಡಿತು!

ರಕ್ತ ಹರಿಯದ ಕಡೆ ಬಿಳಿರಕ್ತಕಣಗಳು ಹೋಗಲಾರವು, ನುಂಗಿದ ಮಾತ್ರೆಯೂ ತಲುಪದು. ಸತ್ತ ಹಲ್ಲು ಬ್ಯಾಕ್ಟೀರಿಯಾಗಳಿಗೆ ಕೋಟೆ ಇದ್ದ ಹಾಗೆ. ಬೇರಿನ ತುದಿಯ ಕಿರುರಂಧ್ರದಿಂದ ಅವುಗಳ ವಿಷ ದವಡೆಯತ್ತ ಒಸರುತ್ತಿರುತ್ತದೆ. ದೇಹ ಅಲ್ಲಿಯೇ ದಂಡು ಇಳಿಸುತ್ತದೆ. ಮೊದಲು ಬರುವವು ನ್ಯೂಟ್ರೋಫಿಲ್ ಎಂಬ ಅಲ್ಪಾಯುಷಿ ಕಣಗಳು. ಸಿಕ್ಕಿದ್ದನ್ನು ನುಂಗಿ, ಸತ್ತು, ಕೀವಾಗುತ್ತವೆ. ಹಿಂದೆಯೇ ದೊಡ್ಡ ಭಕ್ಷಕ ಕಣಗಳು, ಲಿಂಫೋಸೈಟುಗಳು, ಪ್ರತಿಕಾಯಗಳನ್ನು ತಯಾರಿಸುವ ಪ್ಲಾಸ್ಮಾ ಕೋಶಗಳು.

ಈ ಕಣಗಳು ತಮ್ಮತಮ್ಮೊಳಗೆ ಇಂಟರ್‌ಲ್ಯೂಕಿನ್ ಮುಂತಾದ ರಾಸಾಯನಿಕಗಳ ಮೂಲಕ ಮಾತಾಡಿಕೊಳ್ಳುತ್ತವೆ. ಆ ಮಾತು ಮೂಳೆ ಕರಗಿಸುವ ಕೋಶಗಳ ಕಿವಿಗೂ ಬೀಳುತ್ತದೆ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಾಣುವ ಕಪ್ಪು ಮಚ್ಚೆ ಹೀಗೆ ಆದದ್ದು. ದವಡೆಯನ್ನು ತಿಂದದ್ದು ಹೆಚ್ಚಾಗಿ ಶತ್ರುವಲ್ಲ, ನಮ್ಮದೇ ಕಾವಲು ಪಡೆ. ಸೋಂಕು ಮೂಳೆಯ ಉದ್ದಕ್ಕೂ ಹರಡದಂತೆ ದೇಹ ತೆರುವ ಬೆಲೆ ಅದು ಎನ್ನಬೇಕು.

ಇಷ್ಟಕ್ಕೇ ನಿಂತರೆ ಅದು ಬರೀ ಉರಿಯೂತದ ಗಂಟು. ಕೆಲವೊಮ್ಮೆ ಇನ್ನೊಂದು ತಿರುವಿದೆ. ಹಲ್ಲು ಬೆಳೆಯುವಾಗ ಬೇರಿಗೆ ರೂಪ ಕೊಟ್ಟ ಕೋಶಗಳಲ್ಲಿ ಕೆಲವು ಕೆಲಸ ಮುಗಿದ ಮೇಲೂ ಬೇರಿನ ಸುತ್ತ ಮಲಗಿರುತ್ತವೆ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಮಾಲಸೇ ಹೆಸರಿನಿಂದಲೇ ಇವನ್ನು ಕರೆಯುತ್ತಾರೆ. ಉರಿಯೂತದ ಗದ್ದಲಕ್ಕೆ ಇವು ಎಚ್ಚೆತ್ತು, ಒಂದೇ ಸಮನೆ ಹೆಚ್ಚಿ, ಒಳಗೆ ದ್ರವ ತುಂಬಿದ ಚೀಲವೊಂದಕ್ಕೆ ಅಸ್ತರಿಯಾಗುತ್ತವೆ. ಇದೇ ಸಿಸ್ಟ್. ಸತ್ತ ಕೋಶಗಳ ಕೊಲೆಸ್ಟರಾಲ್ ಹರಳುಗಳು ದ್ರವದಲ್ಲಿ ಮಿನುಗುವುದೂ ಉಂಟು. ಚೀಲ ನಿಧಾನವಾಗಿ ಹಿಗ್ಗುತ್ತದೆ, ನೋವಿಲ್ಲದೆ. ಮೂಳೆ ತೀರಾ ತೆಳುವಾದಾಗ ಬೆರಳಿನಿಂದ ಒತ್ತಿದರೆ ಮೊಟ್ಟೆಯ ಚಿಪ್ಪಿನಂತೆ ಚಟಚಟ ಎನ್ನುತ್ತದೆ.

ಗಂಟು ಯಾವುದು, ಸಿಸ್ಟ್ ಯಾವುದು ಎಂದು ಮಾಮೂಲಿ ಎಕ್ಸ್‌ರೇ ನೋಡಿ ಖಚಿತವಾಗಿ ಹೇಳಲಾಗದು. ಜೂರಿಕ್‌ನಲ್ಲಿ ರಾಮಚಂದ್ರನ್ ನಾಯರ್ ಮತ್ತು ಸಂಗಡಿಗರು, ಕಿತ್ತ ಹಲ್ಲುಗಳ ಬೇರಿಗಂಟಿ ಬಂದ 256 ಗಂಟುಗಳನ್ನು ಸಣ್ಣ ಸಣ್ಣ ಪದರಗಳಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿ 1996ರಲ್ಲಿ ವರದಿ ಮಾಡಿದರು. ನಿಜವಾದ ಸಿಸ್ಟ್‌ಗಳು ನೂರಕ್ಕೆ 15 ಮಾತ್ರ. ಅವುಗಳಲ್ಲೂ ಕೆಲವು ಬೇರಿನ ಕೊಳವೆಗೇ ಬಾಯ್ದೆರೆದಿದ್ದವು.

ಆದ್ದರಿಂದ ಮೊದಲು ಮಾಡಬೇಕಾದದ್ದು ರೂಟ್ ಕೆನಾಲ್: ಕೋಟೆಯನ್ನು ಗುಡಿಸಿ, ತೊಳೆದು, ಭದ್ರವಾಗಿ ಮುಚ್ಚುವುದು. ಶತ್ರು ಹೋದರೆ ದಂಡೂ ತೆರಳುತ್ತದೆ. ತಿಂಗಳುಗಳು ಕಳೆದಂತೆ ಕಪ್ಪು ಮಚ್ಚೆಯ ಜಾಗದಲ್ಲಿ ಮೂಳೆ ತುಂಬುತ್ತದೆ. ಕೊಳವೆಯ ನಂಟು ಕಡಿದುಕೊಂಡು ಪೂರ್ತಿ ಮುಚ್ಚಿದ ಚೀಲಗಳು ಮಾತ್ರ ಹೀಗೆ ಮಣಿಯದಿರಬಹುದು. ಆಗ ಶಸ್ತ್ರಕ್ರಿಯೆಯೇ ಬೇಕು. ಹಲ್ಲು ಕಿತ್ತರೆ ಮುಗಿಯಿತೆಂದೂ ಇಲ್ಲ, ಚೀಲ ಒಳಗೇ ಉಳಿದು ಬೆಳೆಯಬಲ್ಲದು. ತೆಗೆದ ಚೀಲವನ್ನು ಪ್ರಯೋಗಾಲಯಕ್ಕೆ ಕಳಿಸುತ್ತೀರಾ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ದವಡೆಯ ಬೇರೆ ಕೆಲವು ಗೆಡ್ಡೆಗಳೂ ಎಕ್ಸ್‌ರೇಯಲ್ಲಿ ಹೀಗೆಯೇ ಕಾಣುತ್ತವೆ.